ಬಲಕ್ಕೆ ಬಿಚ್ಚುವ ಚಪ್ಪರ

ಉಳ್ಳಾಲ
೧೫ ಜೂನ್ ೨೦೨೫

ಇಲ್ಯಾಸ್ ಅವರಿಗೆ,

ಸಲಾಂ. ಕ್ಷೇಮ ಸಮಾಚಾರ ಕೊನೆಗೆ, ಬರೆಯುವ ಮನಸ್ಸು ಉಳಿದರೆ.

ನಿನ್ನೆ ಫೋನಿನಲ್ಲಿ ನೀವು ಕಿರುಚಿದ್ದು, ನಾನು ಕಿರುಚಿದ್ದು ಎರಡೂ ಉಮ್ಮನಿಗೆ ಕೇಳಿದೆ. ಪಕ್ಕದ ಮನೆಯವರಿಗೂ ಕೇಳಿರಬೇಕು, ಬೆಳಿಗ್ಗೆ ನನ್ನ ಮುಖ ನೋಡಿ ನಕ್ಕರು. ಇನ್ನು ಗಾಡಿಯ ವಿಷಯ ಏನಿದ್ದರೂ ಇಮೇಲಿನಲ್ಲಿ. ಬರೆದದ್ದಾದರೆ "ನಾನು ಹಾಗೆ ಹೇಳಲೇ ಇಲ್ಲ ಮಾರಾಯ್ತಿ" ಎಂದು ಜಾರಿಕೊಳ್ಳಲು ನಿಮಗೆ ಆಗುವುದಿಲ್ಲ. ನಮ್ಮ ಬ್ಯಾರಿ ಭಾಷೆಯಲ್ಲಿ ಜಗಳ ಆಡಿ ಅಭ್ಯಾಸ, ಬರೆದು ಅಭ್ಯಾಸ ಇಲ್ಲ. ಹಾಗಾಗಿ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಕನ್ನಡದಲ್ಲೇ ಬಯ್ಯುತ್ತೇನೆ, ಓದಿಕೊಳ್ಳಿ.

ನೀವು ಕೊಟ್ಟ ಮಾತು ಮರೆತಿದ್ದರೆ ಮೊದಲು ಅದನ್ನು ಬರೆಯುತ್ತೇನೆ. ನವೆಂಬರಿನಲ್ಲಿ ಜುಬೈಲ್ ಬಿಟ್ಟು, ಗಲ್ಫಿನ ಕೆಲಸ ಬಿಟ್ಟು ಪೂರ್ತಿ ಊರಿಗೆ ಬರುವುದು. ಒಂದು ಫೋರ್ ವೀಲ್ ಡ್ರೈವ್ ಗಾಡಿಯನ್ನು ಮನೆ ಮಾಡಿಕೊಂಡು ಒಂದು ವರ್ಷ ನಾವಿಬ್ಬರೇ ಅದರಲ್ಲಿ ಇರುವುದು. ಕರಾವಳಿ ಹಿಡಿದು ಮೇಲಕ್ಕೆ ಹೋಗಿ, ಚಳಿ ಕಡಿಮೆಯಾದ ಮೇಲೆ ಹಿಮಾಚಲ. ಮದುವೆಯಾಗಿ ಹದಿನೇಳು ವರ್ಷ ಆಯಿತು. ಮಕ್ಕಳಿಲ್ಲ. ನಮ್ಮದು ಅಂತ ಇದ್ದದ್ದು ಉಮ್ಮನ ಮನೆಯ ಅಳಿಯನ ಕೋಣೆ ಒಂದೇ. ನಮ್ಮಲ್ಲಿ ಹೆಣ್ಣು ತಾಯಿಮನೆಯಲ್ಲೇ ಉಳಿದು ಗಂಡ ಬಂದು ಹೋಗುವುದು ಹೊಸತೇನಲ್ಲ. ಆದರೆ ಬೇರೆಯವರ ಗಂಡಂದಿರು ಜೆಪ್ಪುವಿನಿಂದಲೋ ಪಣಂಬೂರಿನಿಂದಲೋ ಬರುತ್ತಾರೆ, ನೀವು ಸಮುದ್ರ ದಾಟಿ ಬರಬೇಕು. ಬಂದ ಮೇಲೂ ಯಾರೂ ಬಾಗಿಲು ತಟ್ಟದ ಒಂದು ರಾತ್ರಿ ನನಗೆ ನೆನಪಿಲ್ಲ. ಒಬ್ಬರಿಗೆ ಸೆಂಟಿನ ಬಾಟಲಿ ಬೇಕು, ಒಬ್ಬರಿಗೆ ಮಗನ ವೀಸಾ ಆಗಬೇಕು.

ಗಾಡಿ ಆರಿಸಿದ್ದೇನೆ. ಥಾರ್‌ನಲ್ಲಿ ಮಲಗಿದರೆ ನನ್ನ ಕಾಲು ಡ್ಯಾಶ್‌ಬೋರ್ಡಿಗೆ ಮುಟ್ಟುತ್ತದೆ. ಜಿಮ್ನಿ ಚಂದ ಉಂಟು, ಆದರೆ ಅದರಲ್ಲಿ ಒಬ್ಬರು ಮಲಗಿದರೆ ಇನ್ನೊಬ್ಬರು ಹೊರಗೆ. ಕೊನೆಗೆ ಜೆಪ್ಪುವಿನಲ್ಲಿ ಲಯನೆಲ್ ಎಂಬವರು ಮಾರಲು ಇಟ್ಟಿದ್ದ ಐದು ಬಾಗಿಲಿನ ಗೂರ್ಖಾ ನೋಡಿದೆ. ಒಂದು ವರ್ಷ ಓಡಿದ್ದು. ಚಕ್ರ ಹೂತರೆ ಎದ್ದು ಬರಲು ಹಿಂದಿನ ಮುಂದಿನ ಎರಡೂ ಆಕ್ಸಲ್ ಲಾಕ್ ಆಗುತ್ತದೆ, ತೋಡಿಗೆ ಇಳಿದರೂ ಇಂಜಿನ್ನಿಗೆ ನೀರು ಹೋಗದ ಹಾಗೆ ಗಾಳಿಯ ಕೊಳವೆ ಮೇಲೆ ಉಂಟು. ಅವರ ಅಂಗಳದಲ್ಲೇ ಹಿಂದಿನ ಬಾಗಿಲು ತೆಗೆದು, ಸೀಟು ಮಡಚಿ, ಬುರ್ಖಾ ಸಮೇತ ಉದ್ದಕ್ಕೆ ಮಲಗಿ ನೋಡಿದೆ. ಲಯನೆಲ್ ಹೆದರಿ "ಎಂತ ಆಯ್ತು ಮೇಡಂ, ನೀರು ಬೇಕಾ?" ಎಂದು ಓಡಿ ಬಂದರು. ಎರಡು ತಲೆದಿಂಬಿಗೆ ಜಾಗ ಉಂಟು. ಅದನ್ನೇ ತೆಗೆದುಕೊಳ್ಳುತ್ತೇನೆ, ನನ್ನ ಹೆಸರಿನಲ್ಲಿ.

ಈಗಷ್ಟೇ ಉಮ್ಮ ಬಂದು ಕೋಣೆಯ ಬಾಗಿಲಲ್ಲಿರುವ ನಿಮ್ಮ ಚಪ್ಪಲಿ ಒರೆಸಿಟ್ಟು ಹೋದರು. ಬಾಪ ತೀರಿಕೊಂಡ ಮೇಲೆ ಅದು ಅವರ ದಿನದ ಕೆಲಸ. "ಬಾಗಿಲಲ್ಲಿ ಗಂಡಸಿನ ಚಪ್ಪಲಿ ಕಂಡರೆ ಯಾರೂ ಸುಮ್ಮನೆ ನುಗ್ಗುವುದಿಲ್ಲ" ಎನ್ನುತ್ತಾರೆ. ನಾವು ಕ್ಷೇಮ.

ಹನಾನ್


ಜುಬೈಲ್
೨೭ ಜೂನ್ ೨೦೨೫

ಪ್ರೀತಿಯ ಹನಾನ್,

ವ ಅಲೈಕುಂ ಸಲಾಂ. ನೀನು ಬಯ್ದದ್ದನ್ನು ಎರಡು ಸಲ ಓದಿದೆ. ನಿನ್ನ ಕನ್ನಡ ಚಂದ ಉಂಟು.

ಗೂರ್ಖಾ ಒಳ್ಳೆಯ ಆಯ್ಕೆ, ನಾನೇ ಹೇಳಬೇಕೆಂದಿದ್ದೆ. ಮುಂದಿನದ್ದು ನನಗೆ ಬಿಡು. ಶುಕ್ರವಾರ ಬಂತೆಂದರೆ ಇಲ್ಲಿಯ ಗೆಳೆಯ ರವೂಫ್‌ನ ಲ್ಯಾಂಡ್ ಕ್ರೂಸರಿನಲ್ಲಿ ಮರುಭೂಮಿಗೆ ಹೋಗಿ ಅಲ್ಲೇ ಬೇಯಿಸಿ ತಿಂದು ಮಲಗಿ ಬರುವವನು ನಾನು. ಇದರಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೊದಲು ಅಗಲದ ಟೈರು ಹಾಕಿಸು, ಕಷ್ಟದ ಜಾಗದಲ್ಲಿ ಗಾಳಿ ಇಳಿಸಿದರೆ ಎಂಥಾ ನೆಲದಲ್ಲೂ ಗಾಡಿ ತೇಲಿಕೊಂಡು ಹೋಗುತ್ತದೆ. ಗಾಡಿಯ ಮಾಡಿನ ಮೇಲೆ ಬಿಚ್ಚುವ ಟೆಂಟು, ಪಕ್ಕಕ್ಕೆ ಎಳೆದರೆ ನೆರಳು ಕೊಡುವ ಕ್ಯಾನ್ವಾಸಿನ ಚಪ್ಪರ, ಎರಡನ್ನೂ ನಾನು ಇಲ್ಲಿಂದ ಕಾರ್ಗೋದಲ್ಲಿ ಹಾಕುತ್ತೇನೆ. ಇಲ್ಲಿಯ ಕ್ವಾಲಿಟಿ ಅಲ್ಲಿ ಸಿಗುವುದಿಲ್ಲ.

ಹಿಂದಿನ ಸೀಟು ಮಾತ್ರ ತೆಗೆಸಬೇಡ. ಉಮ್ಮ ಬರಬಹುದು. ಜಾಬಿರನ ಮಕ್ಕಳು ನಾವೂ ಬರ್ತೇವೆ ಅಂತ ಈಗಲೇ ಹೇಳ್ತಿದ್ದಾರೆ. ಗಾಡಿ ಅಂದ ಮೇಲೆ ಮನೆಯವರಿಗೆಲ್ಲ ಆಗಬೇಕು. ನಾವಿಬ್ಬರು ಮೇಲೆ ಟೆಂಟಿನಲ್ಲಿ ಮಲಗಿದರಾಯಿತು. ಜಾಬಿರ್ ಪಣಂಬೂರಿನಲ್ಲಿ ಇಷ್ಟು ವರ್ಷ ಬಾಡಿಗೆ ಕಾರು ಓಡಿಸಿದವನು, ಏನಿದ್ದರೂ ನನ್ನ ತಮ್ಮನನ್ನು ಕೇಳು.

ನೀನು ವರ್ಕ್‌ಶಾಪಿನಲ್ಲಿ ಗಂಡಸರ ನಡುವೆ ನಿಲ್ಲಬೇಕಾಗಿಲ್ಲ. ಜೆಪ್ಪುವಿನ ಆ ಮೆಕ್ಯಾನಿಕ್ ಮೊರಿಸ್‌ನ ನಂಬರ್ ಕಳಿಸು, ನಾನು ಮಾತಾಡ್ತೇನೆ.

ನಿನ್ನ ಇಲ್ಯಾಸ್


ಉಳ್ಳಾಲ
೨೦ ಜುಲೈ ೨೦೨೫

ಇಲ್ಯಾಸ್ ಅವರಿಗೆ,

ಜಾಬಿರನ ಮಕ್ಕಳು! ನಾನು ಕೇಳಿದ್ದು ಮನೆ. ನೀವು ಮಾಡಲು ಹೊರಟದ್ದು ಮದುವೆಗೆ ಜನ ತುಂಬಿಸಿಕೊಂಡು ಹೋಗುವ ವ್ಯಾನು.

ಹಿಂದಿನ ಸೀಟು ತೆಗೆಸಿಯಾಯಿತು. ಮೊರಿಸ್ ಒಂದು ವಾರ ಅದಕ್ಕೆ ಕೈ ಹಾಕಲಿಲ್ಲ. ಹೋದಾಗಲೆಲ್ಲ "ಮೇಡಂ, ಒಮ್ಮೆ ನಿಮ್ಮ ಹಸ್ಬೆಂಡ್ ಹತ್ರ ಕೇಳಿ ಮಾಡ್ತೇನೆ" ಎನ್ನುವುದು. ಆರ್‌ಸಿ ನನ್ನ ಹೆಸರಿನಲ್ಲಿ, ಎದುರು ನಿಂತವಳು ನಾನು, ಫೋನು ಹೋಗುವುದು ಜುಬೈಲಿಗೆ. ನನ್ನ ಪಿತ್ತ ನೆತ್ತಿಗೇರಿತು. ಸ್ಪ್ಯಾನರ್ ಹಿಡಿದು ನಾನೇ ಒಳಗೆ ಕೂತು ಬೋಲ್ಟ್ ಬಿಚ್ಚತೊಡಗಿದೆ. ಬಿಚ್ಚಿದ್ದು ತಪ್ಪು ಬೋಲ್ಟ್, ಆದರೆ ಅದನ್ನು ನೋಡಿ ಮೊರಿಸ್ ಎದ್ದುಬಿದ್ದು ಬಂದರು. ಸಂಜೆಯೊಳಗೆ ಸೀಟು ಹೊರಗಿತ್ತು.

ಆ ಜಾಗದಲ್ಲಿ ಈಗ ಪ್ಲೈವುಡ್ಡಿನ ಮಂಚ. ಅಡಿಯಲ್ಲಿ ಎರಡು ಡ್ರಾವರ್, ಹಿಂದಿನ ಬಾಗಿಲು ತೆಗೆದು ಎಳೆದರೆ ಒಂದರಲ್ಲಿ ಒಲೆ, ಒಂದರಲ್ಲಿ ಪಾತ್ರೆ. ಕಿಟಕಿಗಳಿಗೆ ಸೊಳ್ಳೆಪರದೆ ನಾನೇ ಹೊಲಿದೆ. ನೀರಿನ ಟ್ಯಾಂಕಿನ ಪೈಪು ನಮಾಜಿಗೆ ಮೊದಲು ಕೈಕಾಲು ತೊಳೆದು ವುಝೂ ಮಾಡಲು ಕೈಗೆ ಸಿಗುವ ಎತ್ತರದಲ್ಲಿ ಉಂಟು. ಇಷ್ಟಕ್ಕೆ ಮರುಭೂಮಿಯ ಪಾಠ ಬೇಕಾಗಲಿಲ್ಲ.

ಅಗಲದ ಟೈರು ನಿಮ್ಮ ಮರಳಿಗೆ ಸರಿ. ಇಲ್ಲಿ ಈಗ ಕೆಂಪು ಕೆಸರು. ಅದರ ಮೇಲೆ ತೇಲಿದರೆ ಗಾಡಿ ನೇರ ಚರಂಡಿಗೆ ಹೋಗುತ್ತದೆ. ಕೆಸರನ್ನು ಕಡಿದು ಅಡಿಯ ಗಟ್ಟಿ ನೆಲ ಹಿಡಿಯಲು ಕಿರಿದಾದ, ದೊಡ್ಡ ಹಲ್ಲಿನ ಟೈರೇ ಬೇಕು. ಪಣಂಬೂರಿನಲ್ಲಿ ಹುಟ್ಟಿ ಬೆಳೆದವರಿಗೆ ನಮ್ಮ ಕೆಸರು ಹೇಗಿರುತ್ತದೆ ಎಂದು ನಾನು ಬರೆದು ತಿಳಿಸಬೇಕಾ?

ಇನ್ನೊಂದು ವಿಷಯ. ಶಾಲೆಗೆ ರಾಜೀನಾಮೆ ಕೊಟ್ಟೆ. ದಸರಾ ರಜೆಯ ತನಕ ಹೋಗುತ್ತೇನೆ, ಆಮೇಲೆ ಇಲ್ಲ. "ಖಂಡಿತ ಬರ್ತಾರಾ ನಿಮ್ಮವರು?" ಎಂದು ಹೆಡ್ ಮಿಸ್ ಕೇಳಿದರು. ಅವರ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಟ್ಟು ಬಂದೆ. ಮನೆಗೆ ಬರುವಾಗ ಪಾಪ ಅನ್ನಿಸಿತು, ಅವರು ಒಳ್ಳೆಯವರು.

ಗಾಡಿ ಸೋರುವುದಿಲ್ಲ. ಸ್ಟೀರಿಂಗ್ ಕೈಗೆ ಬಂದಿದೆ. ಇನ್ನು ಬರಬೇಕಾದದ್ದು ನೀವು.

ಹನಾನ್


ಜುಬೈಲ್
೨೪ ಆಗಸ್ಟ್ ೨೦೨೫

ಪ್ರೀತಿಯ ಹನಾನ್,

ಉತ್ತರ ತಡವಾಯಿತು, ಕ್ಷಮಿಸು. ಪ್ಲಾಂಟ್ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಸಮಯ, ಉಸಿರಾಡಲು ಪುರುಸೊತ್ತಿಲ್ಲ.

ಟೆಂಟು, ಚಪ್ಪರ ಎರಡೂ ಕಾರ್ಗೋದಲ್ಲಿ ಹೊರಟಿವೆ. ಎಲ್ಲಿ ಹೇಗೆ ಕೂರಿಸಬೇಕು ಎಂದು ನಾನೇ ಕೂತು ಸ್ಕೆಚ್ ಮಾಡಿ ಮೊರಿಸ್‌ಗೆ ಕಳಿಸಿದ್ದೇನೆ. ನೀನು ಮಳೆಯಲ್ಲಿ ಅಲ್ಲಿ ನಿಲ್ಲಬೇಡ, ನೆಗಡಿಯಾಗುತ್ತದೆ.

ರಾಜೀನಾಮೆಗೆ ಅಷ್ಟು ಅವಸರ ಏನಿತ್ತು? ವಾಪಸ್ ತೆಗೆದುಕೊಳ್ಳಲು ಆಗುತ್ತದಾ ಎಂದು ಒಮ್ಮೆ ಕೇಳಿ ನೋಡು. ಸುಮ್ಮನೆ ಹೇಳಿದೆ, ಬೇರೆ ಅರ್ಥ ಮಾಡಬೇಡ. ಉಮ್ಮನಿಗೆ ಸಲಾಂ.

ಇಲ್ಯಾಸ್


ಉಳ್ಳಾಲ
೨೨ ಸೆಪ್ಟೆಂಬರ್ ೨೦೨೫

ಇಲ್ಯಾಸ್ ಅವರಿಗೆ,

ನೀವು ಕಳಿಸಿದ ಚಪ್ಪರ ನಿನ್ನೆ ನನ್ನ ಜೀವ ತೆಗೆಯುವುದರಲ್ಲಿತ್ತು. ಉಮ್ಮನದ್ದೂ.

ಭಾನುವಾರ ಮಳೆ ಬಿಟ್ಟಿತ್ತು. ಗಾಡಿ ಪೂರ್ತಿ ತಯಾರಾದ ಮೇಲೆ ಮೊದಲ ಸವಾರಿ, ಉಮ್ಮನನ್ನು ಕೂರಿಸಿಕೊಂಡು ಮುಡಿಪು ಕಡೆ ಹೊರಟೆ. ಗುಡ್ಡದ ಮೇಲೆ ಗಾಳಿ ಚಂದ ಬರುವಲ್ಲಿ ರಸ್ತೆಯ ಎಡಕ್ಕೆ ಒತ್ತಿ ನಿಲ್ಲಿಸಿದೆ. ಉಮ್ಮ ಎಡಗಡೆ ಹುಲ್ಲಿನ ಮೇಲೆ ಚಾಪೆ ಹಾಸಿದರು. ಡ್ರಾವರ್ ಎಳೆದು ಚಹಾಕ್ಕೆ ಇಟ್ಟೆ. ಬಿಸಿಲು ಬಂತೆಂದು ಚಪ್ಪರ ಎಳೆಯಲು ಹೋದರೆ ಹಿಡಿಕೆ ಎಡಗಡೆ ಇಲ್ಲ. ಬಲಕ್ಕೆ ಹೋಗಿ ಎಳೆದೆ. ಅದು ಬಿಚ್ಚಿಕೊಂಡದ್ದು ಎಲ್ಲಿಗೆ ಗೊತ್ತುಂಟಾ? ರಸ್ತೆಯ ಮೇಲೆ. ಎದುರಿಂದ ಬಸ್ಸು. ನಾನು ಕಾಲು ಕೈಯಲ್ಲಿ ಹಿಡಿದು ನಿಂತಿದ್ದೇನೆ, ಕಾಲೆಂದರೆ ಚಪ್ಪರದ್ದು. ನನ್ನನ್ನು ಕಂಡು ಉಮ್ಮ ಕೂಗುತ್ತಾ ರಸ್ತೆಗೆ ಓಡಿ ಬಂದರು. ಡ್ರೈವರ್ ಬ್ರೇಕ್ ಹಾಕಿದ ಶಬ್ದ ಇನ್ನೂ ಕಿವಿಯಲ್ಲಿ ಉಂಟು. ಕಂಡಕ್ಟರ್ ತಲೆ ಹೊರಹಾಕಿ "ಎಂತ ಮಾರಾಯ್ರೆ, ರೋಡಲ್ಲೇ ಮದುವೆಯಾ?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು.

ಚಹಾ ಚೆಲ್ಲಿ ಸೀದಾ ಜೆಪ್ಪುವಿಗೆ ಬಂದೆ. ಇಗರ್ಜಿಯ ಪೂಜೆ ಮುಗಿಸಿ ಬಂದು ಊಟಕ್ಕೆ ಕೂತಿದ್ದ ಮೊರಿಸ್ ಅವರನ್ನು ಎಬ್ಬಿಸಿದೆ. ಚಪ್ಪರ ಎಡಕ್ಕೆ ಇರಬೇಕು ಎಂದು ನಾನು ಹೇಳಿದ್ದೆ, ಅವರು ಹೂಂ ಎಂದಿದ್ದರು. ಆಮೇಲೆ ನಿಮಗೆ ಫೋನ್ ಮಾಡಿದ್ದಾರೆ. ನೀವು "ಅವಳಿಗೆ ಎಂತ ಗೊತ್ತು, ಸ್ಕೆಚ್ಚಿನಲ್ಲಿ ಇದ್ದ ಹಾಗೆ ಮಾಡಿ" ಎಂದಿದ್ದೀರಿ. ಸ್ಕೆಚ್ ತರಿಸಿ ನೋಡಿದೆ. ಚಪ್ಪರ ಬಲಕ್ಕೆ, ಟೆಂಟಿನ ಏಣಿ ಬಲಕ್ಕೆ. ಸ್ಟೀರಿಂಗ್ ಎಡಕ್ಕೆ! ಗಾಡಿಯ ಬಲಗಡೆ ಮರಳು, ಅದರ ಮೇಲೆ ನಾವಿಬ್ಬರು ಕೂತ ಹಾಗೆ ಎರಡು ಸಣ್ಣ ಬೊಂಬೆ ಬರೆದಿದ್ದೀರಿ. ನಮ್ಮ ಊರಿನಲ್ಲಿ ಆ ಎರಡು ಬೊಂಬೆ ಕೂತದ್ದು ಬಸ್ಸಿನ ಚಕ್ರದ ಅಡಿಯಲ್ಲಿ.

ಬೊಂಬೆ ನೋಡಿ ನನಗೆ ಅಳು ಬಂತು. ಅದಕ್ಕೇ ಸಿಟ್ಟು ಇಮ್ಮಡಿಯಾಯಿತು. ನಮ್ಮ ರಸ್ತೆಯಲ್ಲಿ ಗಾಡಿ ಯಾವ ಬದಿಗೆ ನಿಲ್ಲುತ್ತದೆ ಎಂಬುದನ್ನೇ ನೀನು ಮರೆತಿದ್ದೀ ಇಲ್ಯಾಸ್. ನಾನಿಲ್ಲಿ ಮಂಚ ಮಾಡಿಸಿ, ಪರದೆ ಹೊಲಿದು, ಕೆಲಸ ಬಿಟ್ಟು ಕಾಯುತ್ತಿದ್ದೇನೆ. ನೀನು ಕಟ್ಟುತ್ತಿರುವ ಗಾಡಿ ಬೇರೆ ಯಾವುದೋ ದೇಶದ್ದು.

ಟಿಕೆಟಿನ ತಾರೀಕು ಬರೆದು ಕಳಿಸು. ಬೇರೆ ಏನೂ ಬರೆಯಬೇಡ.

ಹನಾನ್


ಜುಬೈಲ್
೫ ಅಕ್ಟೋಬರ್ ೨೦೨೫

ಹನಾನ್,

ಮೊದಲ ಸಲ ನನಗೆ "ನೀನು" ಎಂದು ಬರೆದಿದ್ದೀ. ಆಗಲಿ.

ಚಪ್ಪರದ್ದು ನನ್ನ ತಪ್ಪು. ಇಲ್ಲಿ ಗಾಡಿ ಬಲಕ್ಕೆ ನಿಲ್ಲಿಸುವುದು, ಕೈ ತನ್ನಷ್ಟಕ್ಕೆ ಹಾಗೇ ಬರೆಯಿತು. ನಿಮಗೆ ಇಬ್ಬರಿಗೂ ಏನೂ ಆಗಲಿಲ್ಲವಲ್ಲ, ಅಲ್‌ಹಮ್ದುಲಿಲ್ಲಾ. ಅದಕ್ಕೆ ಇಷ್ಟು ದೊಡ್ಡ ಅರ್ಥ ಹಚ್ಚಬೇಕಾಗಿಲ್ಲ.

ಜಾಬಿರ್ ಹತ್ತಿರ ಮಾತಾಡಿದೆ. ನವೆಂಬರಿನಿಂದ ಟೂರಿಸ್ಟ್ ಸೀಸನ್, ಇಂಥ ಗಾಡಿಯನ್ನು ಹುಡುಕಿಕೊಂಡು ಬರುವವರು ತುಂಬಾ ಇದ್ದಾರಂತೆ. ಸದ್ಯಕ್ಕೆ ಅವನು ಬಾಡಿಗೆಗೆ ಬಿಡಲಿ. ಸುಮ್ಮನೆ ನಿಂತ ಗಾಡಿಯ ಬ್ಯಾಟರಿ ಹಾಳು. ಮಂಚ ತೆಗೆದು ಹಿಂದಿನ ಸೀಟು ಕೂರಿಸಿದರೆ ಸಾಕು. ನಾನು ಬಂದ ಮೇಲೆ ಬೇಕಾದ ಹಾಗೆ ಮಾಡಿಕೊಳ್ಳೋಣ. ಕೀ ಅವನ ಕೈಯಲ್ಲಿ ಕೊಡು.

ಇಲ್ಯಾಸ್


ಉಳ್ಳಾಲ
೬ ಅಕ್ಟೋಬರ್ ೨೦೨೫

ಸದ್ಯಕ್ಕೆ ಎಂದರೆ ಎಷ್ಟು? ನವೆಂಬರಿನಲ್ಲಿ ನೀನು ಬರುವುದಾದರೆ ನವೆಂಬರಿನಲ್ಲಿ ಗಾಡಿ ಯಾಕೆ ಸುಮ್ಮನೆ ನಿಲ್ಲುತ್ತದೆ?

ತಾರೀಕು ಕೇಳಿದ್ದೆ. ಬ್ಯಾಟರಿಯ ವಿಷಯ ಕೇಳಲಿಲ್ಲ.

ಹನಾನ್


ಜುಬೈಲ್
೨ ನವೆಂಬರ್ ೨೦೨೫

ಹನಾನ್,

ನಿನ್ನ ಫೋನು ಎತ್ತದೆ ಇಷ್ಟು ದಿನ ಕಳೆದೆ. ಇನ್ನು ಆಗುವುದಿಲ್ಲ, ಬರೆಯುತ್ತೇನೆ. ಟಿಕೆಟ್ ಇಲ್ಲ. ಇನ್ನೆರಡು ವರ್ಷಕ್ಕೆ ಕಂಪನಿಗೆ ಸಹಿ ಹಾಕಿದ್ದೇನೆ. ಹಾಕಿದ್ದು ಮೇ ತಿಂಗಳಿನಲ್ಲಿ, ನೀನು ಲಯನೆಲ್‌ನ ಅಂಗಳದಲ್ಲಿ ಮಲಗಿ ನೋಡುವುದಕ್ಕೆ ಮೊದಲೇ.

ಬಯ್ಯಿ. ಆದರೆ ನನಗೂ ಸಿಟ್ಟುಂಟು, ಅದನ್ನೂ ಓದು. ನಾನು ಊರಿಗೆ ಬಂದರೆ ಏರ್‌ಪೋರ್ಟಿನಿಂದ ಮನೆ ಮುಟ್ಟುವ ಮೊದಲೇ "ಯಾವಾಗ ಬಂದದ್ದು? ಯಾವಾಗ ಹೋಗುವುದು?" ಎಂದು ಕೇಳುತ್ತಾರೆ. ಎರಡೂ ಒಂದೇ ಉಸಿರಿನಲ್ಲಿ. ಹೋಗುವ ತಾರೀಕು ಇರುವ ತನಕ ಮರ್ಯಾದೆ. ರವೂಫ್‌ನ ಅಣ್ಣ ಪೂರ್ತಿ ಊರಿಗೆ ಹೋದವನು, ಮೂರನೇ ತಿಂಗಳಿಗೆ ಅವನ ಮನೆಯಲ್ಲೇ ಅವನು ಎಲ್ಲಿ ಕೂತರೂ ಅಡ್ಡ. ನಿಮ್ಮ ಮನೆಯಲ್ಲಿ ನಾನು ಅಳಿಯ. ಉಮ್ಮ ಕೋಳಿ ಕೊಯ್ಯುತ್ತಾರೆ, ರೊಟ್ಟಿ ಮಾಡುತ್ತಾರೆ, ಒಂದು ಲೋಟ ತೊಳೆಯಲು ಬಿಡುವುದಿಲ್ಲ. ರಜೆಯ ಅಳಿಯನಾಗಿ ಇರುವುದು ನನಗೆ ಬರುತ್ತದೆ. ದಿನಾ ಇರುವ ಗಂಡ ಹೇಗಿರಬೇಕೆಂದು ನನಗೆ ಯಾರೂ ಕಲಿಸಲಿಲ್ಲ, ನೀನೂ ನೋಡಿಲ್ಲ.

ಆ ಸಣ್ಣ ಗಾಡಿಯೊಳಗೆ ನಾವಿಬ್ಬರೇ ಎಂದು ನೀನು ಬರೆದಾಗಲೆಲ್ಲ ನನಗೆ ಹೆದರಿಕೆಯಾಗುತ್ತಿತ್ತು. ಒಂದು ವಾರದಲ್ಲಿ ನಿನಗೆ ನಾನು ಸಾಕಾದರೆ? ಮಾತು ಮುಗಿದರೆ? ಎಲ್ಲಿಗೆ ಎದ್ದು ಹೋಗಲಿ? ಹಿಂದಿನ ಸೀಟು ಇರಲಿ ಎಂದದ್ದು ಅದಕ್ಕೇ. ಬೇರೆ ಯಾರಾದರೂ ಜೊತೆಗಿದ್ದರೆ ಧೈರ್ಯ ಎಂದು.

ಆದರೆ ಬೊಂಬೆ ಬರೆದದ್ದು ಸುಳ್ಳಲ್ಲ. ಅದನ್ನು ಬರೆಯುವಾಗ ಖುಷಿಯಲ್ಲೇ ಇದ್ದೆ.

ಇಲ್ಯಾಸ್


ಕಾಸರಕೋಡು, ಹೊನ್ನಾವರದ ಹತ್ತಿರ
೨೧ ಡಿಸೆಂಬರ್ ೨೦೨೫

ಇಲ್ಯಾಸ್,

ನಿನ್ನ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ, ಬರೆಯಲು ಕೂತರೆ ಬರೀ ಬೈಗುಳ ಬರುತ್ತಿತ್ತು, ಅಳಿಸಿ ಎದ್ದು ಹೋಗುತ್ತಿದ್ದೆ. ಮೇ ತಿಂಗಳಿನಿಂದ ನಾನು ಮಾಡಿದ ಒಂದೊಂದು ಕೆಲಸವೂ ವ್ಯರ್ಥವೆಂದು ನಿನಗೆ ಗೊತ್ತಿತ್ತು. ಪರದೆ ಹೊಲಿದದ್ದು ಗೊತ್ತಿತ್ತು. ರಾಜೀನಾಮೆ ಕೊಟ್ಟದ್ದು ಗೊತ್ತಿತ್ತು. "ಸುಮ್ಮನೆ ಹೇಳಿದೆ" ಎಂದು ಬರೆದೆಯಲ್ಲ, ಆ ಎರಡು ಶಬ್ದವನ್ನು ನಾನು ಸಾಯುವ ತನಕ ಕ್ಷಮಿಸುವುದಿಲ್ಲ.

ಜಾಬಿರ್ ಕೀ ಕೇಳಲು ಬಂದಿದ್ದ. "ಅಣ್ಣ ಹೇಳಿದ್ದಾರೆ" ಎಂದ. ಅಣ್ಣನ ಗಾಡಿ ಇದ್ದರೆ ತೆಗೆದುಕೊಂಡು ಹೋಗು, ಇದು ನನ್ನದು ಎಂದೆ. ಉಮ್ಮ ಅವನಿಗೆ ಚಹಾ ಕೊಡಲಿಲ್ಲ. ಅಳಿಯನ ತಮ್ಮನಿಗೆ ನಮ್ಮ ಮನೆಯಲ್ಲಿ ಚಹಾ ಸಿಗದೆ ಹೋದದ್ದು ಅದೇ ಮೊದಲು.

ಮೊರಿಸ್ ಚಪ್ಪರವನ್ನೂ ಏಣಿಯನ್ನೂ ಎಡಕ್ಕೆ ಮಾಡಿಕೊಟ್ಟರು. ಈ ಸಲ ಜುಬೈಲಿಗೆ ಫೋನು ಹೋಗಲಿಲ್ಲ. ಮಂಚವನ್ನು ಅರ್ಧ ಕತ್ತರಿಸಿ ಆ ಜಾಗದಲ್ಲಿ ಕಪಾಟು ಮಾಡಲಾ ಎಂದು ಕೇಳಿದರು. ಬೇಡ ಎಂದೆ. ಹಾಸಿಗೆ ಇಬ್ಬರ ಅಗಲದ್ದೇ ಉಂಟು, ನಾನು ಅಡ್ಡಡ್ಡ ಮಲಗುತ್ತೇನೆ.

ಹೊರಡುವ ದಿನ ಉಮ್ಮ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು ಕೊಟ್ಟರು. ರೊಟ್ಟಿ ಎಂದು ತಿಳಿದಿದ್ದೆ. ಇಲ್ಲಿಗೆ ಬಂದು ಬಿಚ್ಚಿದರೆ ನಿನ್ನ ಚಪ್ಪಲಿ. ಫೋನ್ ಮಾಡಿ ಬಯ್ದೆ. "ಬಯ್ಯಿ, ಆದರೆ ಏಣಿಯ ಬುಡದಲ್ಲಿ ಇಡು" ಎಂದರು.

ಇಟ್ಟೆ. ಇಲ್ಲಿ ಗಾಳಿಮರಗಳ ನಡುವೆ ಒಬ್ಬರ ಖಾಲಿ ಜಾಗದಲ್ಲಿ ಗಾಡಿ ನಿಲ್ಲಿಸಿದ್ದೇನೆ, ಅವರ ಒಪ್ಪಿಗೆ ಕೇಳಿಯೇ. ನಿನ್ನೆ ಸಂಜೆ ಮೂರು ಜನ ಗಂಡಸರು ಬಂದು "ಜೊತೆಗೆ ಯಾರಿದ್ದಾರೆ?" ಎಂದು ಕೇಳಿದರು. ಯಜಮಾನರು ಮೇಲೆ ಮಲಗಿದ್ದಾರೆ ಎಂದೆ. ಅವರು ನೀನು ಕಳಿಸಿದ ಟೆಂಟು ನೋಡಿದರು, ಏಣಿ ನೋಡಿದರು, ಚಪ್ಪಲಿ ನೋಡಿದರು. ಎಬ್ಬಿಸಬೇಡಿ ಪಾಪ ಎಂದು ಮೆಲ್ಲಗೆ ಮಾತಾಡುತ್ತಾ ಹೋದರು. ನನಗೆ ನಗು ಬಂತು, ಆಮೇಲೆ ಎಂಥಾ ಸಿಟ್ಟು ಬಂತೆಂದರೆ ಚಪ್ಪಲಿ ಎತ್ತಿ ಸಮುದ್ರಕ್ಕೆ ಬಿಸಾಡಲು ಹೊರಟೆ. ಹದಿನೇಳು ವರ್ಷ ನೀನು ನನಗೆ ಗಂಡನಾಗಿ ಮಾಡಿದ ಕೆಲಸ ಇಷ್ಟೇ. ಅದನ್ನು ನಿನಗಿಂತ ಚೆನ್ನಾಗಿ ನಿನ್ನ ಚಪ್ಪಲಿಯೇ ಮಾಡುತ್ತದೆ.

ಬಿಸಾಡಲಿಲ್ಲ. ಅಲ್ಲೇ ಬಿಟ್ಟು ಒಳಗೆ ಬಂದು ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಒಂದೇ ಚಪ್ಪಲಿ ಉಂಟು. ಇನ್ನೊಂದನ್ನು ನಾಯಿ ಕಚ್ಚಿಕೊಂಡು ಹೋಗಿದೆ, ಮರಳಿನಲ್ಲಿ ಅದರ ಹೆಜ್ಜೆ ಉಂಟು. ಬಾಗಿಲಲ್ಲಿ ಗಂಡಸು ಇಲ್ಲದೆಯೇ ರಾತ್ರಿ ಕಳೆದಿತ್ತು. ಯಾರೂ ಬಾಗಿಲು ತಟ್ಟಲಿಲ್ಲ. ನನಗೆ ಒಳ್ಳೆಯ ನಿದ್ದೆ ಬಂದಿತ್ತು. ಎಡಕ್ಕೆ ಚಪ್ಪರ ಬಿಚ್ಚಿ ಅದರ ಅಡಿಯಲ್ಲಿ ಚಹಾ ಕುಡಿಯುತ್ತಾ ಇದನ್ನು ಬರೆಯುತ್ತಿದ್ದೇನೆ.

ಸಾಕಾದರೆ ಎಲ್ಲಿಗೆ ಎದ್ದು ಹೋಗಲಿ ಎಂದು ಕೇಳಿದ್ದೀ. ಈ ಗಾಡಿಗೆ ಐದು ಬಾಗಿಲು ಉಂಟು ಇಲ್ಯಾಸ್. ಯಾವುದರಿಂದಾದರೂ ಇಳಿದು ಒಂದು ಸುತ್ತು ನಡೆದು ಬಾ. ಅಷ್ಟೂ ಗೊತ್ತಿಲ್ಲದವನಿಗೆ ಕಾದು ಕೂತಿದ್ದೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬರುತ್ತದೆ. ನಾನು ನಾಳೆ ಮುಂದೆ ಹೋಗುತ್ತೇನೆ. ಎಲ್ಲಿದ್ದೇನೆ ಎಂದು ಉಮ್ಮನಿಗೆ ಗೊತ್ತಿರುತ್ತದೆ.

ಉಳಿದ ಒಂದು ಚಪ್ಪಲಿಯನ್ನು ಕಸಕ್ಕೆ ಹಾಕಿದೆ. ಹೊಸ ಜೊತೆ ಕಾರ್ಗೋದಲ್ಲಿ ಕಳಿಸಬೇಡ. ಕಾಲಿಗೆ ಹಾಕಿಕೊಂಡು ಬಾ.

ಹನಾನ್